ಪರದೆಯ ಕೆಳಗಿನ ಅಕ್ಷರಗಳು

"ಅನುಮಾನ ಇದ್ದರೆ ಹಿಂದಿನಿಂದ ಒಂದು ಸಲ ಕೂಗಿ ನೋಡಿ" ಎಂದು ನಿಮ್ಮ ಶಾಲೆಯ ಕಾರ್ಯದರ್ಶಿಗೆ ಫೋನಿನಲ್ಲಿ ಹೇಳಿದವನು ನಾನು, ಮೇಡಂ. ಪತ್ರಿಕೆಯಲ್ಲಿ ಅಚ್ಚಾದ ಸಾಲು ನನ್ನದೆಂದು ನಿಮಗೆ ಮೊದಲೇ ಗೊತ್ತಿತ್ತು. ಈ ಮಾತು ಗೊತ್ತಿರಲಿಲ್ಲ. ನೀವು ನನ್ನೆದುರು ಕುಳಿತು ಕೇಳಿದಾಗ ನಾನು ಇಲ್ಲವೆಂದಿದ್ದೆ.

ನಿಮ್ಮ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಊರುಗಳನ್ನು ಬರೆಯುತ್ತೇನೆ. ಊರಿಗೆಲ್ಲ ತಿಳಿದುಹೋಗಿರುವುದನ್ನು ಈಗ ಮುಚ್ಚಿಟ್ಟರೆ ಅದು ಕಾಪಾಡುವುದು ನನ್ನನ್ನು, ನಿಮ್ಮನ್ನಲ್ಲ.

ಹಾಸನದ ಒಂದು ಸಣ್ಣ ದಿನಪತ್ರಿಕೆಯಲ್ಲಿ ಆಗ ನಾನು ಉಪಸಂಪಾದಕ. ಸುದ್ದಿ ತರುವುದು, ತಿದ್ದುವುದು, ಪುಟ ಕಟ್ಟುವುದು—ಸಣ್ಣ ಪತ್ರಿಕೆಯಲ್ಲಿ ಎಲ್ಲವೂ ಒಬ್ಬನದೇ ಕೆಲಸ. ಅದರ ಮೇಲೆ ವಾರಕ್ಕೊಂದು ಅಂಕಣ. ಮನೆಗೆ ಕೊಳ್ಳುವ ಹೊಸ ಸಾಮಾನುಗಳ ಬಗ್ಗೆ ಓದುಗರನ್ನು ಎಚ್ಚರಿಸುವುದು. ತೊಂಬತ್ತರ ದಶಕದಲ್ಲಿ ತಾರಸಿಗಳ ಮೇಲೆ ಡಿಶ್ ಬಂದಾಗ ನಂಬಬೇಡಿ ಎಂದು ಬರೆದೆ. ಬೀದಿಯಲ್ಲಿ ಕೇಬಲ್ ಎಳೆದಾಗ, ಸಿನಿಮಾ ಕ್ಯಾಸೆಟ್ಟಿನಿಂದ ಸಿಡಿಗೆ ಬಂದಾಗ, ಆಗಲೂ ಅದನ್ನೇ ಬರೆದೆ. ಒಂದನ್ನೂ ಬಳಸಿ ನೋಡಿ ಬರೆದದ್ದಲ್ಲ. ಆದರೂ ಜನ ಮೆಚ್ಚಿ ಓದುತ್ತಿದ್ದರು. ಕೊಳ್ಳಲಾಗದವರಿಗೆ, ಕೊಳ್ಳದಿರುವುದೇ ಜಾಣತನ ಎಂದು ಅಚ್ಚಿನಲ್ಲಿ ಹೇಳುವವನೊಬ್ಬ ಬೇಕಾಗಿದ್ದ. ಆ ಜಾಗದಲ್ಲಿ ನಾನಿದ್ದೆ.

ಹೊಸ ಶತಮಾನದ ಮೊದಲ ವರ್ಷಗಳು. ಹಾಸನದ ಪರಿಚಯದ ಅಂಗಡಿಯವನೊಬ್ಬ ಡಿವಿಡಿ ಯಂತ್ರ ತರಿಸಿದ್ದ. ಭಾನುವಾರ ಬೆಳಿಗ್ಗೆ ಅಂಗಡಿ ಮುಂದೆ ಟಿವಿ ಇಟ್ಟು ಜನರಿಗೆ ತೋರಿಸುವುದಿದೆ, ಬಂದು ನಾಲ್ಕು ಸಾಲು ಬರೆಯಿರಿ ಎಂದು ಕರೆದ. ಹೋದೆ. ಅಂಗಡಿ ತುಂಬ ಜನ, ಆದರೆ ಕೊಳ್ಳುವ ಮುಖ ಒಂದೂ ಇರಲಿಲ್ಲ. ಸಾಲಗಾಮೆ ಕಡೆಯ ಯಜಮಾನರೊಬ್ಬರು ಡಿವಿಡಿ ತಟ್ಟೆಯನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದರು.

"ಇದೇನಯ್ಯ, ಒಳ್ಳೆ ಅಪ್ಳ ಇದ್ದಂಗದೆ. ಇದ್ರೊಳಗೆ ಪಿಚ್ಚರ್ ಎಲ್ಲದೆ?"

"ಬೆರಳು ತಾಗಿಸ್ಬೇಡಿ ಯಜಮಾನ್ರೆ. ಗೀರು ಬಿದ್ರೆ ನಿಂತುಹೋಗುತ್ತೆ."

"ಮುಟ್ದೆ ಮಡಿಕಳಕೆ ಇದೇನು ಮಡಿಬಟ್ಟೆನಾ? ಕ್ಯಾಸೆಟ್ಟಾದ್ರೆ ನಮ್ ಐಕ್ಳು ತುಳುದ್ರೂ ಓಡ್ತದೆ ಕಣ."

"ಗ್ಯಾರಂಟಿ ಕೊಡ್ತೀವಲ್ಲ."

"ಡಿಶ್ ಕೊಡಾಗ್ಲೂ ಇಂಗೇ ಅಂದಿದ್ದೆ ಕಣ್ಲಾ. ಮೋಡ ಆದ್ರೆ ಇವತ್ಗೂ ಬರೀ ಚುಕ್ಕೆ. ಮೊದ್ಲು ನಿನ್ ಗ್ಯಾರಂಟಿಗೆ ಒಂದು ಗ್ಯಾರಂಟಿ ಕೊಡು."

ಎಲ್ಲರೂ ನಕ್ಕರು. ನಾನೂ ನಕ್ಕು ಬರೆದುಕೊಂಡೆ. ಅಂಗಡಿಯವನು ಮುಜುಗರ ಮರೆಸಲು ರಿಮೋಟಿನಲ್ಲಿ ಏನೋ ಒತ್ತಿದ. ಟಿವಿಯ ದನಿ ನಿಂತಿತು. ಚಿತ್ರದ ಕೆಳಗೆ ಇಂಗ್ಲಿಷ್ ಅಕ್ಷರಗಳು ಮೂಡಿದವು. "ನೋಡಿ, ಸೌಂಡ್ ತೆಗೆದ್ರೂ ಆಡಿದ ಮಾತು ಕೆಳಗೆ ಬರುತ್ತೆ. ಕ್ಯಾಸೆಟ್ಟಲ್ಲಿ ಈ ಸೌಕರ್ಯ ಇಲ್ಲ" ಎಂದ. "ಪಿಚ್ಚರ್ ನೋಡಾನಾ, ಪುಸ್ತಕ ಓದಾನಾ?" ಎಂದು ಯಜಮಾನರು ಎದ್ದರು. ಅವರ ಹಿಂದೆ ಉಳಿದವರೂ ಕರಗಿದರು.

ನೀವೊಬ್ಬರು ಉಳಿದಿರಿ. ದನಿಯಿಲ್ಲದ ಟಿವಿಯ ಮುಂದೆ ನಿಂತು ನೋಡುತ್ತಿದ್ದಿರಿ. ಯಾವುದೋ ಹಾಸ್ಯದ ದೃಶ್ಯ. ಅಕ್ಷರ ಮೂಡಿದ ಕೂಡಲೇ ನಕ್ಕಿರಿ—ತಡವಿಲ್ಲದೆ, ಸರಿಯಾದ ಜಾಗದಲ್ಲಿ, ಬಾಯಿಗೆ ಸೆರಗನ್ನೂ ಹಿಡಿಯದೆ. ಹಿಂದಿನಿಂದ ಅಂಗಡಿಯವನು "ಚೇರ್ ಹಾಕ್ಲಾ ಮೇಡಂ?" ಎಂದ. ಮತ್ತೊಮ್ಮೆ ಗಟ್ಟಿಯಾಗಿ ಕೇಳಿದ. ನೀವು ತಿರುಗಲಿಲ್ಲ. ಈ ಎರಡನ್ನೂ ಸೇರಿಸಿ ನೋಡಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದು ನನ್ನ ಕಸುಬು.

ಹೊರಗೆ ಬಂದಾಗ ನೀವೇ ಮಾತನಾಡಿಸಿದಿರಿ. ಹೊಳೆನರಸೀಪುರದ ನಿಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ನಾನು ವರದಿಗೆ ಬಂದಿದ್ದುದು ನಿಮಗೆ ನೆನಪಿತ್ತು.

"ನೀವು ಗಮನಿಸಿದ್ದು ನನಗೆ ಗೊತ್ತಾಯಿತು. ಟೈಫಾಯ್ಡ್ ಬಂದು ಹೋದ ಮೇಲೆ ಹೀಗೆ. ಎದುರಿಗೆ ಮುಖ ಇದ್ರೆ ತುಟಿ ನೋಡಿ ಎಲ್ಲಾ ತಿಳಿಯುತ್ತೆ. ಶಾಲೇಲಿ ಯಾರಿಗೂ ಹೇಳಿಲ್ಲ. ನೀವು ಪೇಪರಿನವರು... ಬರೀಬೇಡಿ."

ಪಾಠ ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಕುತೂಹಲ ಮಾತ್ರ. ನೀವು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಿರಿ: ನಿಮ್ಮ ಕನ್ನಡ ತರಗತಿಯಲ್ಲಿ ಓದುವ ಮಗು ಕರಿಹಲಗೆಯ ಬಳಿ ಬಂದು ಎಲ್ಲರಿಗೂ ಮುಖ ತೋರಿಸಿ ಓದಬೇಕು, ನೀವು ಕೊನೆಯ ಬೆಂಚಿನಲ್ಲಿ ಕೂರುತ್ತೀರಿ. ಮಕ್ಕಳ ಸಭಾಕಂಪ ಹೋಗಲಿ ಎಂದು ಮೇಡಂ ಹೀಗೆ ಮಾಡುತ್ತಾರೆ ಎಂದು ಎಲ್ಲರ ನಂಬಿಕೆ. ಆ ವರ್ಷ ನಿಮ್ಮ ಮಕ್ಕಳು ತಾಲ್ಲೂಕಿನ ಭಾಷಣ ಸ್ಪರ್ಧೆಯಲ್ಲಿ ಗೆದ್ದೂ ಇದ್ದರು.

ಆಮೇಲೆ ರುದ್ರಪಟ್ಟಣದ ಮಾತು ಬಂತು. ಅದು ನಿಮ್ಮ ತವರು. ಸಂಗೀತಗಾರರ ಊರಿನ ಮಗಳು. "ಸಂಗೀತ ಇನ್ನು ನನಗಿಲ್ಲ ಬಿಡಿ. ಮನೆಯವರ ಜೊತೆ ಕೂತು ಒಂದು ಸಿನಿಮಾ ಆದ್ರೂ ನೋಡೋಣ ಅಂತ. ಅವರೆಲ್ಲ ನಕ್ಕ ಮೇಲೆ ನೋಡಿಕೊಂಡು ನಾನು ನಗೋದು ಸಾಕಾಗಿದೆ" ಎಂದಿರಿ.

"ಬರೆಯೋದಿಲ್ಲ ಮೇಡಂ" ಎಂದೆ. ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದೆ—ನಿಮಗೆ ಓದಲು ಸುಲಭವಾಗಲಿ ಎಂದು.

ಮರುದಿನ ಅಂಕಣ ಬರೆಯಲು ಕುಳಿತೆ. ಗೀರು, ಗ್ಯಾರಂಟಿ, ಹಪ್ಪಳ, ಎಲ್ಲವೂ ಬಂತು. ಸಪ್ಪೆಯಾಗಿತ್ತು. ಆಗ ಒಂದು ಸಾಲು ಹೊಳೆಯಿತು: "ಕಿವಿ ಇದ್ದವರಿಗೆ ಅಕ್ಷರ ಏಕೆ? ಕಿವಿ ಇಲ್ಲದವರಿಗೆ ಟಿವಿ ಏಕೆ?" ಆ ಸಾಲು ನಿಲ್ಲಲು ಕೆಳಗೆ ಒಂದು ಆಧಾರ ಬೇಕಿತ್ತು. ಬರೆದೆ: ಸಂಗೀತದ ಊರು ರುದ್ರಪಟ್ಟಣದಲ್ಲಿ ಹುಟ್ಟಿ ಹೊಳೆನರಸೀಪುರದಲ್ಲಿ ಕನ್ನಡ ಕಲಿಸುವ ಮೇಡಂ ಒಬ್ಬರು ಮಾತ್ರ ದನಿಯಿಲ್ಲದ ಟಿವಿಯ ಮುಂದೆ ನಿಂತು ನಗುತ್ತಿದ್ದರು, ಬಹುಶಃ ಈ ಯಂತ್ರಕ್ಕೆ ಜಿಲ್ಲೆಯಲ್ಲಿರುವ ಏಕೈಕ ಗಿರಾಕಿ.

ಹೆಸರು ಬರೆಯಲಿಲ್ಲ. ನಮ್ಮ ಪತ್ರಿಕೆಯ ರೂಢಿ ಅದು—ಹೆಸರು ಬಿಟ್ಟು ಊರು ಬರೆದರೆ ಯಾರ ತಕರಾರೂ ಬರುವುದಿಲ್ಲ. ಆದರೆ ನಮ್ಮ ತಾಲ್ಲೂಕುಗಳಲ್ಲಿ ತವರೂರು ಹೇಳಿ, ಸೇರಿದ ಊರು ಹೇಳಿ, ಕೆಲಸ ಹೇಳಿದ ಮೇಲೆ ಹೆಸರಿಗೆ ಏನು ಉಳಿದಿರುತ್ತದೆ? ಇದು ನನಗೆ ತಿಳಿಯದ ವಿಷಯವಲ್ಲ. ರುದ್ರಪಟ್ಟಣವನ್ನು ಹೊಡೆದುಹಾಕಲು ಪೆನ್ನು ಎತ್ತಿದ್ದೂ ನೆನಪಿದೆ. ಹೊಡೆದುಹಾಕಿದರೆ ಸಾಲಿನ ಮೊನೆ ಹೋಗುತ್ತಿತ್ತು. ಉಳಿಸಿದೆ. ನಿಮ್ಮ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ. ಸಾಲು ಚೆನ್ನಾಗಿತ್ತು, ಅಷ್ಟೇ. ಸಂಪಾದಕರು ಓದಿ ನಕ್ಕು, "ಇದನ್ನ ದಪ್ಪಕ್ಷರದಲ್ಲಿ ಮೇಲೆ ಹಾಕ್ರೀ" ಎಂದರು.

ಅಚ್ಚಾದ ಬೆಳಿಗ್ಗೆಯೇ ನಿಮ್ಮ ಶಾಲೆಯ ಕಾರ್ಯದರ್ಶಿ ಫೋನ್ ಮಾಡಿದರು.

"ಸಾ, ಅದು ನಮ್ ಕನ್ನಡ ಮೇಡಮ್ಮಾ?"

"ನಾವು ಹೆಸರು ಹೇಳೋ ಹಾಗಿಲ್ಲ."

"ಅಂಗಲ್ಲ ಸಾ, ಪೇರೆಂಟ್ಸು ಆಗ್ಲೇ ಕೇಳ್ತಾವ್ರೆ. ಹೌದಾದ್ರೆ ಹೌದು ಅನ್ನಿ, ಅಲ್ದಿದ್ರೆ ಅಲ್ಲ ಅನ್ನಿ."

ಅಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನೆ ಫೋನ್ ಇಟ್ಟಿದ್ದರೂ ಅನುಮಾನವಾಗಿಯೇ ಉಳಿಯುತ್ತಿತ್ತು. ಆದರೆ ನನ್ನ ಸುದ್ದಿಯನ್ನು ಒಬ್ಬರು ಅನುಮಾನಿಸುತ್ತಿದ್ದರು. ಸುದ್ದಿಯನ್ನು ಪರೀಕ್ಷಿಸುವ ದಾರಿ ನನಗೆ ಗೊತ್ತಿತ್ತು. ಹಿಂದಿನಿಂದ ಕೂಗಿ ನೋಡುವ ಆ ಮಾತು ಹೇಳಿದೆ. ಹೇಳಿ, ಚಹಾ ತರಿಸಿಕೊಂಡು ಕುಡಿದೆ.

ಆಮೇಲೆ ನಡೆದದ್ದನ್ನು ನನಗೆ ತಿಳಿಸಿದವರು ಅದೇ ಕಾರ್ಯದರ್ಶಿ. ಚನ್ನರಾಯಪಟ್ಟಣದ ಒಂದು ಸಮಾರಂಭದಲ್ಲಿ ಊಟದ ಸಾಲಿನಲ್ಲಿ ಪಕ್ಕದಲ್ಲೇ ಕುಳಿತಿದ್ದರು. "ನೀವ್ ಹೇಳ್ದಂಗೇ ಮಾಡ್ದೊ ಸಾ. ಪ್ರೇಯರ್ ಟೈಮಲ್ಲಿ ಎಲ್ಲಾ ಐಕ್ಳೂ ನಿಂತಿದ್ವು. ಮೇಡಂ ಐಕ್ಳ ಕಡೆ ಮುಖ ಮಾಡ್ಕಂಡು ನಿಂತಿದ್ರು. ನಾನು ಇಂದ್ಗಡೆಯಿಂದ ಎಸ್ರು ಇಡ್ದು ಕರೆದೆ. ಊಹೂಂ. ಇನ್ನೊಂದ್ಸಲ ಜೋರಾಗಿ ಕೂಗ್ದೆ. ಐಕ್ಳೆಲ್ಲಾ ನನ್ನೇ ನೋಡಕ್ಕೆ ಶುರು ಮಾಡುದ್ವು. ಅವು ನೋಡದ್ ನೋಡಿ ಆಮೇಲ್ ತಿರುಗುದ್ರು. ತಿರುಗಿ ನಗ್ತಾ ನಮಸ್ಕಾರ ಅಂದ್ರು ಸಾ." ಅವರು ಸಾರು ಬಡಿಸಿಕೊಳ್ಳುತ್ತಾ ಹೇಳಿದರು. ನಾನು ಊಟ ಮುಗಿಸಿಯೇ ಎದ್ದೆ. ಅರ್ಧಕ್ಕೆ ಏಳಲಿಲ್ಲ.

ಮಕ್ಕಳ ವಿಷಯವನ್ನೂ ಅವರೇ ಹೇಳಿದರು. ನಿಮ್ಮ ತರಗತಿಯ ಹುಡುಗರು ಸ್ಲೇಟಿನಲ್ಲಿ ಬರೆದು, ಗದ್ದದ ಕೆಳಗೆ ಹಿಡಿದುಕೊಂಡು, ಬಾಯಿ ಮಾತ್ರ ಆಡಿಸುತ್ತಿದ್ದರಂತೆ. "ಮೇಡಂ, ಅಕ್ಷರ ಕಾಣ್ತಾ?" ಎಂದು ಬರೆದಿರುತ್ತಿತ್ತಂತೆ. ಆ ಆಟವನ್ನು ಅವರಿಗೆ ಕಲಿಸಿದವರು ಯಾರೂ ಇಲ್ಲ. ಮನೆಯಲ್ಲಿ ಅಪ್ಪ ಅಮ್ಮ ನನ್ನ ಅಂಕಣ ಓದಿ ನಕ್ಕದ್ದನ್ನು ಕೇಳಿದ್ದರು.

ಪ್ರಾರ್ಥನೆಯ ಆ ಬೆಳಿಗ್ಗೆಯ ನಂತರ, ಈ ಊಟಕ್ಕೂ ಮೊದಲೇ ನೀವು ನಮ್ಮ ಕಚೇರಿಗೆ ಬಂದಿದ್ದಿರಿ. ಕುರ್ಚಿಯನ್ನು ನನ್ನ ಮುಖ ಕಾಣುವಂತೆ ಎಳೆದುಕೊಂಡು ಕುಳಿತಿರಿ. ನೀವು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತೇನೋ—ಅಳಲಿಲ್ಲ.

"ಬರೆಯೋದಿಲ್ಲ ಅಂದಿದ್ರಿ. ನಿಮ್ಮ ತುಟಿ ನೋಡಿದ್ದೆ ನಾನು."

ನಾನು ಮೇಜಿನ ಮೇಲಿದ್ದ ಪತ್ರಿಕೆಯನ್ನು ಮಡಿಸಿಟ್ಟೆ.

"ಶಾಲೆಯವರಿಗೂ ನೀವೇ ಹೇಳಿದ್ರಾ?"

"ಇಲ್ಲ. ನಾನು ಯಾರಿಗೂ ಏನೂ ಹೇಳಿಲ್ಲ."

ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡಿ ನೀವು ತಲೆಯಾಡಿಸಿದಿರಿ. ನಂಬಿದಿರಿ. ನಂಬಿ, ಒಂದು ಸಹಾಯ ಕೇಳಿದಿರಿ. ಆ ಮೇಡಂ ಬೇರೆ ಯಾರೋ, ಹೊಳೆನರಸೀಪುರದವರಲ್ಲ, ಊರಿನ ಹೆಸರು ತಪ್ಪಾಗಿ ಅಚ್ಚಾಗಿದೆ ಎಂದು ಒಂದು ಸಾಲಿನ ತಿದ್ದುಪಡಿ. ಆಡಳಿತ ಮಂಡಳಿಯ ಸಭೆ ಇನ್ನೂ ಆಗಿರಲಿಲ್ಲ. ಅದಕ್ಕೆ ಮುಂಚೆ ಬಂದರೆ ಕೆಲಸ ಉಳಿಯಬಹುದು. "ಮಕ್ಕಳ ಮುಂದೆ ನಿಲ್ಲೋಕೆ ಅಷ್ಟು ಸಾಕು ನನಗೆ" ಎಂದಿರಿ.

ಆಗ ನಾನು ಹೇಳಿದ್ದು ಇದು: "ಹೆಸರೇ ಹಾಕಿಲ್ಲದ ಮೇಲೆ ತಿದ್ದುಪಡಿ ಯಾವುದಕ್ಕೆ ಹಾಕೋದು ಮೇಡಂ? ಅಲ್ಲದೆ ಪತ್ರಿಕೆಯಲ್ಲಿ ಸುಳ್ಳು ಬರೆಯೋಕಾಗಲ್ಲ."

ಒಂದು ನಿಮಿಷದ ಹಿಂದೆ ನಿಮ್ಮ ಮುಖಕ್ಕೆ ಸುಳ್ಳು ಹೇಳಿದ ಬಾಯಿಯಿಂದಲೇ ಈ ಮಾತು ಬಂತು. ಹೇಳುವಾಗ ನನಗೆ ಏನೂ ಅನ್ನಿಸಲಿಲ್ಲ. ತತ್ವಕ್ಕೆ ಅಂಟಿಕೊಂಡೆ ಎಂಬ ಸಮಾಧಾನವೇ ಇತ್ತು. ನೀವು ಎದ್ದು ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿಟ್ಟು ಹೋದಿರಿ. ಆ ವರ್ಷದ ಪರೀಕ್ಷೆಗೆ ಮುಂಚೆಯೇ ನಿಮ್ಮನ್ನು ಕೆಲಸದಿಂದ ಬಿಡಿಸಿದರು.

ನನ್ನ ಅಂಕಣದ ಭವಿಷ್ಯವಾಣಿ ಏನಾಯಿತೆಂದೂ ದಾಖಲಿಸಬೇಕು. ಕೆಲವೇ ವರ್ಷಗಳಲ್ಲಿ ಬಾಗೂರಿನ ಸಂತೆಯಲ್ಲಿ ಡಿವಿಡಿ ತಟ್ಟೆಗಳನ್ನು ಗೋಣಿಚೀಲದ ಮೇಲೆ ಹರಡಿ ಈರುಳ್ಳಿಯ ಪಕ್ಕದಲ್ಲಿ ಮಾರುತ್ತಿದ್ದರು. ಸಾಲಗಾಮೆಯ ಯಜಮಾನರೂ ಯಂತ್ರ ಕೊಂಡರೆಂದು ಅಂಗಡಿಯವನು ಹೇಳಿದ. ನೀವೇಕೆ ನಂಬಬೇಡಿ ಎಂದು ಬರೆದಿರಿ ಎಂದು ಒಬ್ಬರೂ ನನ್ನನ್ನು ಕೇಳಲಿಲ್ಲ. ತಪ್ಪಾದ ಅಭಿಪ್ರಾಯಕ್ಕೆ ಯಾರೂ ಏನೂ ತೆರಲಿಲ್ಲ, ನಿಮ್ಮೊಬ್ಬರನ್ನು ಬಿಟ್ಟು. ನಮ್ಮ ಮನೆಗೂ ಯಂತ್ರ ಬಂತು. ಬಂದ ದಿನ ನಾನು ಮೊದಲು ಮಾಡಿದ ಕೆಲಸ—ಚಿತ್ರದ ಕೆಳಗಿನ ಅಕ್ಷರಗಳನ್ನು ತೆಗೆಸಿದ್ದು. ಕಣ್ಣಿಗೆ ಅಡ್ಡ ಬರುತ್ತವೆ ಎಂದೆ. ಆಗಲೂ ನಿಮ್ಮ ನೆನಪಾಗಲಿಲ್ಲ.

ನೆನಪಾದದ್ದು ಅದಕ್ಕೂ ಬಹಳ ಕಾಲದ ನಂತರ, ಅರಕಲಗೂಡಿನ ಬಸ್ ನಿಲ್ದಾಣದಲ್ಲಿ. ಯಾವುದೋ ವರದಿ ಮುಗಿಸಿ ಹಾಸನದ ಬಸ್ಸಿಗೆ ಕಾಯುತ್ತಿದ್ದೆ. ಕಂಡಕ್ಟರುಗಳು ಊರುಗಳ ಹೆಸರು ಕೂಗುತ್ತಿದ್ದರು. ಜನ ಕೂಗು ಕೇಳಿ ಓಡುತ್ತಿದ್ದರು. ಒಬ್ಬ ಹೆಂಗಸು ಮಾತ್ರ ಓಡದೆ, ಬಂದ ಪ್ರತಿ ಬಸ್ಸಿನ ಮುಂದೆ ನಿಂತು ಫಲಕ ಓದಿ ಹಿಂದೆ ಸರಿಯುತ್ತಿದ್ದರು. ಬೆನ್ನು ನನ್ನ ಕಡೆಗಿತ್ತು. ಕೂದಲು ನರೆತಿತ್ತು. ಆದರೂ ನೀವೆಂದು ಗುರುತು ಸಿಕ್ಕಿತು. ಕ್ಷಮೆ ಕೇಳಬೇಕು ಅನ್ನಿಸಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅನ್ನಿಸಿತು. ಹತ್ತಿರ ಹೋಗಿ "ಮೇಡಂ" ಎಂದೆ.

ಹಿಂದಿನಿಂದ ಕೂಗಿದ್ದೆ.

ಪಕ್ಕದಲ್ಲಿದ್ದ ಒಬ್ಬಿಬ್ಬರು ತಿರುಗಿ ನನ್ನನ್ನು ನೋಡಿದರು. ನೀವು ತಿರುಗಲಿಲ್ಲ. ಸುತ್ತಿಕೊಂಡು ಮುಂದೆ ಹೋಗಿ ಮುಖ ತೋರಿಸಿ ನಿಂತಿದ್ದರೆ ಸಾಕಿತ್ತು. ನಿಮ್ಮ ಬಸ್ಸು ಬಂತು. ಫಲಕ ಓದಿ ಹತ್ತಿದಿರಿ. ಕಿಟಕಿಯ ಬಳಿ ಕುಳಿತು ನಿಲ್ದಾಣದ ಕಡೆ ಮುಖ ತಿರುಗಿಸಿದಿರಿ. ನಾನು ಕಂಬದ ಮರೆಗೆ ಸರಿದೆ.

ಈಗ ಇದನ್ನು ಬರೆದು ತಿಳಿಸುತ್ತಿರುವುದು ನಿಮಗೆ ಓದಲು ಅನುಕೂಲವಾಗಲೆಂದಲ್ಲ. ಎದುರಿಗೆ ಬಂದರೆ ನೀವು ನನ್ನ ತುಟಿ ನೋಡುತ್ತೀರಿ. ಅದು ನಿಮಗೆ ಎರಡು ಸಲ ಸುಳ್ಳು ಹೇಳಿದೆ.