ಕರಿಬೇವಿಗೆ ನೀರು ಬಿಟ್ಟ ದೋಣಿ

ನನ್ನ ತಮ್ಮ ರಾಮಸ್ವಾಮಿಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವನ ಬಾಯಿಂದ ಈ ಕಥೆ ಕೇಳಿದವರು ಅವನನ್ನು ದೊಡ್ಡ ನಾವಿಕ ಅಂದುಕೊಂಡು ಹೋಗುತ್ತಾರೆ. ಚಿಕ್ಕಂದಿನಲ್ಲಿ ದೇವಸ್ಥಾನದ ಕಲ್ಯಾಣಿಯ ಮೊದಲನೇ ಮೆಟ್ಟಿಲಲ್ಲಿ ಪಾದ ತೊಯಿಸಿಕೊಂಡು, ಎರಡನೇ ಮೆಟ್ಟಿಲು ಪಾಚಿ ಕಟ್ಟಿದೆ ಎಂದು ವಾಪಸು ಬಂದವನು ಅವನು. ಎತ್ತಿ ಆಡಿಸಿದ ಅಕ್ಕ ನಾನು. ನನಗೆ ಗೊತ್ತಿಲ್ಲದ ರಾಮಸ್ವಾಮಿ ಯಾವನೂ ಇಲ್ಲ.

ಒಂದು ಸರ್ಕಾರಿ ಕಾರ್ಖಾನೆಯ ಉಗ್ರಾಣದಲ್ಲಿ ಅವನಿಗೆ ಕೆಲಸ. ಬೋಲ್ಟು, ನಟ್ಟು ಕೇಳಿಕೊಂಡು ಬಂದವರಿಗೆ "ನಾಳೆ ಬನ್ನಿ" ಅನ್ನುವುದೇ ಆ ಕೆಲಸ, ಅದನ್ನು ಶ್ರದ್ಧೆಯಿಂದ ಮಾಡಿದ. ಎರಡು ಸಾವಿರದ ಇಸವಿಯಲ್ಲಿ ಕಾರ್ಖಾನೆಯವರು ಸ್ವಯಂನಿವೃತ್ತಿ ಯೋಜನೆ ತಂದು ಇವನನ್ನು ಸಂತೋಷವಾಗಿ ಬಿಟ್ಟುಕೊಟ್ಟರು. ಚಾಮರಾಜಪೇಟೆಯ ಮನೆಯಲ್ಲಿ ಬಂದು ಕೂತವನು ಬೇರೆಯವರ ಹಾಗೆ ಬೆಳಿಗ್ಗೆ ಲಾಲ್‌ಬಾಗಿಗೆ ಹೋಗಿ ಬರಬಾರದಿತ್ತೇ? ಅವೆನ್ಯೂ ರಸ್ತೆಗೆ ಹೋದ. ಅಲ್ಲಿನ ಹಳೇ ಪುಸ್ತಕದ ರಾಶಿಯಲ್ಲಿ, ಯಾವನೋ ಇಂಗ್ಲಿಷಿನವನು ಹೆಂಡತಿಯ ಜೊತೆ ಹಾಯಿದೋಣಿಯಲ್ಲೇ ಸಂಸಾರ ಮಾಡಿದ ಪುಸ್ತಕ ಸಿಕ್ಕಿತು. ಕೊನೆಯ ಹಾಳೆಗಳು ಕಿತ್ತುಹೋಗಿದ್ದವು. ಆ ಗಂಡಹೆಂಡಿರು ದಡ ಸೇರಿದರೋ ಮುಳುಗಿದರೋ ಇವನಿಗೂ ಗೊತ್ತಿಲ್ಲ.

"ಗೋದಾ, ನಾವೂ ಹೋಗಿ ಸಮುದ್ರದಲ್ಲೇ ಇದ್ಬಿಡೋಣ ಕಣೇ," ಎಂದ ಒಂದು ಭಾನುವಾರ, ಹುಳಿಯನ್ನ ಕಲಸುತ್ತ. ಆ ದಿನ ನಾನೂ ಅಲ್ಲೇ ಊಟಕ್ಕೆ ಕೂತಿದ್ದೆ. "ಕಾರವಾರದಿಂದ ಮಂಗಳೂರು, ಅಲ್ಲಿಂದ ಕೊಚ್ಚಿ. ಬೇಕಾದ ಕಡೆ ನಿಲ್ಲೋದು, ಬೇಜಾರಾದ್ರೆ ಹೊರಡೋದು."

ನಾನು ನಕ್ಕೆ. ಗೋದಾ ನಗಲಿಲ್ಲ, ಸಾರಿನ ಸೌಟು ಹಿಡಿದುಕೊಂಡೇ ನಿಂತಳು.

ಗೋದಾ ಅವನ ಹೆಂಡತಿ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳದ ಟೀಚರು. ಕೈಯಲ್ಲಿ ಸೀಮೆಸುಣ್ಣ ಕೊಟ್ಟರೆ ನಮ್ಮ ಪಶ್ಚಿಮದ ಕರಾವಳಿಯನ್ನು ಕಾರವಾರದಿಂದ ಮಂಗಳೂರಿನವರೆಗೆ ಕೈ ಎತ್ತದೆ ಬರೆಯುತ್ತಿದ್ದಳು. ಆದರೆ ಸಮುದ್ರ ನೋಡಿದವಳಲ್ಲ. ಮದುವೆಯಾದ ವರ್ಷ ಉಡುಪಿಗೆ ಟಿಕೆಟ್ ಆಗಿತ್ತು, ಇವನಿಗೆ ಶೀತವಾಯಿತು. ಆಮೇಲೆ ಪ್ರತಿ ಬೇಸಿಗೆ ರಜಕ್ಕೂ ಒಂದೊಂದು ನೆಪ. ಅಷ್ಟು ವರ್ಷ ಅವನ ಜೊತೆ ಬಾಳಿ, ಓದಿದ ಹೆಂಗಸು, ಈ ಮಾತನ್ನೂ ನಂಬಿದಳಲ್ಲ ಎಂದು ನನಗೆ ಅವಳ ಮೇಲೂ ಸಿಟ್ಟು ಬಂತು.

ದೋಣಿ ಸಿಕ್ಕಿತು. ಕಾರವಾರದ ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಡಿಮೆಲ್ಲೊ ಎಂಬವರು ಮಂಡಿನೋವು ಬಂದು, ತಮ್ಮ ಹಾಯಿದೋಣಿಯನ್ನು ಮಾರುತ್ತಿದ್ದರು. ಫೈಬರಿನ ದೋಣಿ, ಒಳಗೆ ಇಬ್ಬರು ಮಲಗುವ ಕೋಣೆ, ಮೂಲೆಯಲ್ಲಿ ಒಲೆ. ದೋಣಿ ಕೊಂಡವನು ಸಮುದ್ರದ ದಡದಲ್ಲಿ ಇಡುತ್ತಾನೆ. ನನ್ನ ತಮ್ಮ ಅದನ್ನು ಲಾರಿಯ ಮೇಲೆ ಹಾಕಿಸಿಕೊಂಡು ಘಟ್ಟ ಹತ್ತಿಸಿ ಚಾಮರಾಜಪೇಟೆಗೆ ತಂದ.

"ರಿಪೇರಿ ನಮ್ಮ ಕಣ್ಮುಂದೆ ಆಗ್ಬೇಕು ಅಕ್ಕ. ಅಲ್ಲಿ ಹೋಗಿ ಕೂತ್ರೆ ಊಟ ಸರಿಹೋಗಲ್ಲ," ಎಂದ.

ಊಟ ಸರಿಹೋಗುವುದಿಲ್ಲವಂತೆ. ಅಲ್ಲೇ ಹೋಗಿ ಬದುಕುವವನಿಗೆ.

ದೋಣಿ ಗೇಟಿನಲ್ಲಿ ತೂರಲಿಲ್ಲ. ಗಾರೆಯ ಪುಟ್ಟಯ್ಯನನ್ನು ಕರೆಸಿ ಕಾಂಪೌಂಡು ಗೋಡೆ ಒಡೆಸಿದ. ಸೀಬೆ ಮರದ ಕೆಳಗೆ, ಕರಿಬೇವಿನ ಗಿಡದ ಪಕ್ಕಕ್ಕೆ, ಕಬ್ಬಿಣದ ಕಾಲುಗಳ ಮೇಲೆ ಅದನ್ನು ನಿಲ್ಲಿಸಿದ್ದಾಯಿತು. ಮಾರನೆಯ ದಿನವೇ ಪುಟ್ಟಯ್ಯ ಗೋಡೆಯನ್ನು ಮತ್ತೆ ಕಟ್ಟಿದ. ನೈರುತ್ಯ ಮೂಲೆ ತೆರೆದಿರಬಾರದಂತೆ. ವಾಸ್ತುವಿನವರು ಹೇಳಿದರಂತೆ. ದೋಣಿ ಒಳಗೆ, ಗೋಡೆ ಹೊರಗೆ. ನಾನು ಆವತ್ತೇ ಅಂದುಕೊಂಡೆ, ಇದು ಇನ್ನು ಇವನ ಹೆಣದ ಜೊತೆಗೇ ಆಚೆ ಬರುವುದು ಅಂತ.

ಗೃಹಪ್ರವೇಶ ಮಾಡಿದ. ಸುಳ್ಳಲ್ಲ. ಪುರೋಹಿತರು ಏಣಿ ಹತ್ತಿ, ಮಡಿಪಂಚೆ ಎತ್ತಿಕಟ್ಟಿ ಒಳಗಿಳಿದು, ದೋಣಿಯ ಒಲೆಯ ಮೇಲೆ ಹಾಲು ಉಕ್ಕಿಸಿದರು. ದೋಣಿಗೆ 'ಕ್ಷೀರಸಾಗರ' ಎಂದು ಹೆಸರಿಟ್ಟು, ಕೆಳಗೆ ತನ್ನ ಹೆಸರನ್ನು ಬಿ.ಎಸ್ಸಿ. ಸಮೇತ ಬರೆಸಿದ. ಕರೆಗಂಟೆ ಹಾಕಿಸಿದ. ಮನೆಯಿಂದ ವೈರು ಎಳೆದು ಫ್ಯಾನು ತಿರುಗಿಸಿದ. ಕೋಣೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ದೇವರ ಗೂಡು ಕೂರಿಸಿದ.

"ದೋಣಿ ತಿರುಗಿದ್ರೆ ಪೂರ್ವ ಎಲ್ಲಿರುತ್ತೆ ರೀ?" ಎಂದು ಗೋದಾ ಕೇಳಿದಳು.

ಅವನು ಅವಳನ್ನು ದಡ್ಡಿಯ ಹಾಗೆ ನೋಡಿ, "ಪೂರ್ವ ಇದ್ದಲ್ಲೇ ಇರುತ್ತೆ," ಎಂದ.

ಆ ಏಪ್ರಿಲ್‌ನಲ್ಲಿ ಗೋದಾ ಕೆಲಸ ಬಿಟ್ಟಳು. ವಿಜಯದಶಮಿ ಕಳೆದ ಮೇಲೆ ಹೊರಡುವುದು ಎಂದು ಅವನು ಮಾತು ಕೊಟ್ಟಿದ್ದ, ಶಾಲೆಯ ವರ್ಷದ ನಡುವೆ ಮಕ್ಕಳನ್ನು ಬಿಟ್ಟು ಹೋಗುವುದು ಸರಿಯಲ್ಲ ಎಂದು ಇವಳು ಮೊದಲೇ ರಾಜೀನಾಮೆ ಕೊಟ್ಟಳು. "ಒಂದ್ಸಲ ದೋಣಿ ನೀರಿಗಿಳೀಲಿ, ಆಮೇಲೆ ಬಿಡು," ಎಂದು ನಾನು ಬಡಕೊಂಡೆ. "ನಾನು ಬಿಡ್ಲಿಲ್ಲ ಅಂದ್ರೆ ಅದೇ ನೆಪ ಆಗುತ್ತೆ ಅಕ್ಕ," ಎಂದಳು. ಆಗ ಗೊತ್ತಾಯಿತು, ಅವಳು ಅವನನ್ನು ನನ್ನಷ್ಟೇ ಬಲ್ಲಳು ಎಂದು. ಬಲ್ಲವಳಾಗಿಯೂ ಇದ್ದ ಒಂದೇ ಕೆಲಸವನ್ನು ಬಿಟ್ಟಳು. ಇನ್ನು ಸಮುದ್ರವೂ ಸಿಗದಿದ್ದರೆ ಅವಳಿಗೆ ಉಳಿಯುವುದು ಆ ಅಡುಗೆಮನೆ ಮತ್ತು ಅವನ ಮಾತು.

ಬಸವನಗುಡಿಯ ಈಜುಕೊಳದಲ್ಲಿ, ತನ್ನ ವಿದ್ಯಾರ್ಥಿನಿಯರ ಮಕ್ಕಳ ನಡುವೆ, ಐವತ್ತು ದಾಟಿದ ಹೆಂಗಸು ಮೂಗು ಹಿಡಿದುಕೊಂಡು ನೀರಿಗೆ ಬಿದ್ದು ಈಜು ಕಲಿತಳು. ಬೇಸಿಗೆಯ ಬಿಸಿಲಿನಲ್ಲಿ ದೋಣಿಯ ಮೇಲೆಯೇ ಹಪ್ಪಳ ಸಂಡಿಗೆ ಒಣಗಿಸಿದಳು. ಹುರಿಹಿಟ್ಟು, ಗೊಜ್ಜವಲಕ್ಕಿ, ಮೆಂತ್ಯದ ಹಿಟ್ಟು, ಎಲ್ಲ ಡಬ್ಬಿಗೆ ತುಂಬಿದಳು. ಕಾರವಾರಕ್ಕೆ ಫೋನು ಮಾಡಿ ಡಿಮೆಲ್ಲೊ ದಂಪತಿಯಿಂದ ಗಾಳಿಯ ವಿಷಯ, ಹಾಯಿಯ ವಿಷಯ ಕೇಳಿ ತಿಳಿದುಕೊಂಡಳು. ಡಿಮೆಲ್ಲೊ ಅವರ ಹೆಂಡತಿಯೂ ಗಂಡನ ಹಾಗೆಯೇ ದೋಣಿ ನಡೆಸುವವರಂತೆ, "ಬನ್ನಿ ಟೀಚರ್, ಕಲಿಸ್ತೀನಿ," ಅಂದಿದ್ದರಂತೆ. ಮಂಚದ ಕಾಲಿಗೆ ಹಗ್ಗ ಕಟ್ಟಿ ಗಂಟು ಹಾಕಿ ಬಿಚ್ಚಿ ಹಾಕಿ ಅವಳ ಬೆರಳು ಒಡೆದಿದ್ದವು.

ನಮ್ಮವನು ಮಾಡಿದ್ದು? ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಹಾಗೆ ಕಮರ್ಷಿಯಲ್ ಸ್ಟ್ರೀಟಿನಿಂದ ಬಿಳೀ ಟೋಪಿ ತಂದ. ಅದನ್ನು ಹಾಕಿಕೊಂಡು, ದೋಣಿಯ ಮೇಲೆ ಕುರ್ಚಿ ಹಾಕಿ, ಪೇಪರು ಓದುತ್ತ ಕೂರುತ್ತಿದ್ದ. ರಸ್ತೆಯಲ್ಲಿ ಹೋಗುವವರು ಗೋಡೆಯಾಚೆಯಿಂದ ಕತ್ತೆತ್ತಿ, "ಏನ್ಸಾರ್, ಯಾವಾಗ ಹೊರಡೋದು?" ಅನ್ನಬೇಕು, ಇವನು ಗಾಳಿ, ಅಲೆ, ನಕ್ಷತ್ರ ಎಂದು ಅರ್ಧ ಗಂಟೆ ಕೊರೆಯಬೇಕು. ಉತ್ತರನ ಪೌರುಷ ಒಲೆಯ ಮುಂದೆ.

ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಅದು ಡಿಮೆಲ್ಲೊ ಹೇಳಿದ್ದು, ನಿಜವೇ. ಮಿಕ್ಕ ತಿಂಗಳುಗಳನ್ನೆಲ್ಲ ನನ್ನ ತಮ್ಮ ಪಂಚಾಂಗದಿಂದ ಮುಚ್ಚಿದ. ಮಹಾಲಯ ಪಕ್ಷದಲ್ಲಿ ಹೊರಡಬಾರದು. ನವರಾತ್ರಿಯಲ್ಲಿ ಗೊಂಬೆ ಕೂರಿಸಿ ಮನೆಗೆ ಬೀಗ ಹಾಕಬಾರದು. ಆಯುಧಪೂಜೆಗೆ ದೋಣಿಯ ಮುಂದೆ ಬೂದುಗುಂಬಳ ಒಡೆದದ್ದೇ ಆ ವರ್ಷದ ಪ್ರಯಾಣ. ದೀಪಾವಳಿಯ ಎಣ್ಣೆನೀರು ಮನೆಯಲ್ಲೇ ಆಗಬೇಕು. ಧನುರ್ಮಾಸದಲ್ಲಿ ಹೊಸದೇನೂ ಕೂಡದು. ಸಂಕ್ರಾಂತಿ ಕಳೆದರೆ ನಮ್ಮ ತಂದೆಯ ತಿಥಿ. ಅದು ಕಳೆದರೆ ಇವನಿಗೆ ಚಂದ್ರಬಲ ಇಲ್ಲ. ಅಷ್ಟು ಹೊತ್ತಿಗೆ ಮತ್ತೆ ಮಳೆ. ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು. ಗೋದಾ ಹಳೇ ಹುರಿಹಿಟ್ಟನ್ನು ಹಸುವಿಗೆ ಹಾಕಿ ಹೊಸದು ಹುರಿದಳು.

ಎರಡನೇ ಮಳೆಗಾಲ ಮುಗಿಯುತ್ತ ಬಂದಾಗ, "ಈ ಸಲ ದಸರಾ ಆದ್ಮೇಲೆ ಹೊರಟೇ ಹೊರಡೋಣ," ಎಂದು ಅವನೇ ಅಂದ. ಗೋದಾ ಕೋಣೆ ತೊಳೆಯಲು ಏಣಿ ಹತ್ತಿದಳು. ಡಬ್ಬಿಗಳನ್ನು ಕೆಳಗಿಳಿಸಿಕೊಳ್ಳಲು ನಾನು ನಿಂತಿದ್ದೆ. ಅವಳು ಒಳಗೆ ಒಂದು ಬಕೆಟ್ ನೀರು ಸುರಿದಳು. ನನ್ನ ಕಾಲಿನ ಬಳಿ ಸೊರ್ ಎಂದು ಸದ್ದಾಯಿತು. ಬಗ್ಗಿ ನೋಡಿದರೆ, ದೋಣಿಯ ತಳದಿಂದ ಒಂದು ಬಿಳೀ ಪೈಪು ಇಳಿದು ಕರಿಬೇವಿನ ಪಾತಿಗೆ ಹೋಗಿದೆ. ಅದರಲ್ಲಿ ನೀರು ಬರುತ್ತಿದೆ. ಗಿಡ ಆಳೆತ್ತರ ಬೆಳೆದು ತೊನೆಯುತ್ತಿತ್ತು.

ಗೋದಾ ಇಳಿದು ಬಂದು ಮಂಡಿಯೂರಿ ನೋಡಿದಳು. ಪೈಪನ್ನು ಮುಟ್ಟಿ ನೋಡಿದಳು. ಅಷ್ಟರಲ್ಲಿ ಟೋಪಿಯವನು ಬಂದ.

"ಹೇಗಿದೆ? ನೀನು ಮೈಸೂರಿಗೆ ಹೋಗಿದ್ದಾಗ ಪುಟ್ಟಯ್ಯನ ಕೈಲಿ ಮಾಡಿಸ್ದೆ. ಮಳೆ ನೀರು ನಿಂತು ಸೊಳ್ಳೆ ಆಗಿತ್ತು. ಬಚ್ಚಲಿಗೆ ಇಡೋ ಹಾಗೇ ತೂತು ಇಡು ಅಂದೆ. ಈಗ ಒಂದು ಹನಿ ನಿಲ್ಲಲ್ಲ," ಎಂದ. ಮುಖದಲ್ಲಿ ಹೆಮ್ಮೆ.

"ಸಮುದ್ರದಲ್ಲಿ?" ಎಂದಳು ಗೋದಾ.

"ಸಮುದ್ರದಲ್ಲೂ ಅಷ್ಟೇ. ಒಳಗಿನ ನೀರು ಆಚೆ ಹೋಗುತ್ತೆ."

"ಆಚೆ ನೀರು ಎಲ್ಲಿ ಹೋಗುತ್ತೋ, ಬೃಹಸ್ಪತಿ?" ಎಂದೆ ನಾನು.

ಅವನು ಪೈಪನ್ನು ನೋಡಿದ. ನಿಜವಾಗಿ, ಆಣೆಯಿಟ್ಟು ಹೇಳುತ್ತೇನೆ, ಅದು ಅವನ ತಲೆಗೆ ಆವತ್ತಿನವರೆಗೆ ಹೊಳೆದಿರಲಿಲ್ಲ. ಟೋಪಿ ತೆಗೆದು ತಲೆ ಕೆರೆದುಕೊಂಡ. "ಅದಕ್ಕೊಂದು ಮುಚ್ಚಳ ಮಾಡಿಸೋಣ ಬಿಡು. ಈಗೇನು ಅವಸರ?" ಎಂದ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಇವನಲ್ಲಿ ಎರಡೂ ಇದ್ದವು. ಮೋಸ ಮಾಡುವ ಬುದ್ಧಿಯೂ ಅವನಿಗಿಲ್ಲ. ಮೋಸವಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವನಿಗೆ ಅದು ಮೊದಲಿಂದಲೂ ಕಾಂಪೌಂಡಿನಲ್ಲಿ ಕಟ್ಟಿಸಿದ ಇನ್ನೊಂದು ಕೋಣೆ. ಅಷ್ಟೇ. ಅದಕ್ಕಾಗಿ ಆ ಹೆಂಗಸು ಕೆಲಸ ಬಿಟ್ಟಿದ್ದಳು. ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು.

ಗೋದಾ ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು. ಮಾರನೆಯ ದಿನ ಕಲಾಸಿಪಾಳ್ಯಕ್ಕೆ ಹೋಗಿ, ಬಸ್ಸುಗಳಿಗೆ ಫೈಬರಿನ ಕೆಲಸ ಮಾಡುವವರನ್ನು ಕರೆತಂದಳು. ಪೈಪು ಕಿತ್ತರು, ತೂತಿಗೆ ಒಳಗೂ ಹೊರಗೂ ಪದರ ಪದರವಾಗಿ ಫೈಬರು ಹಚ್ಚಿ ಮುಚ್ಚಿದರು. ಅದು ಒಣಗಿದ ಮೇಲೆ ಗೋದಾ ದೋಣಿಯೊಳಕ್ಕೆ ಕೊಳಾಯಿಯ ನೀರು ಬಿಟ್ಟಳು. ದಿನ ಬಿಟ್ಟು ದಿನ ಬರುವ ಕಾವೇರಿ ನೀರು ದೋಣಿಗೆ ಸುರಿಯುವುದೇ ಎಂದು ರಾಮಸ್ವಾಮಿ ಒದ್ದಾಡಿದ. ಅವಳು ತಳದ ಕೆಳಗೆ ಹಳೇ ಪೇಪರು ಹಾಸಿ, ಬೆಳಿಗ್ಗೆ ಸಂಜೆ ಬಗ್ಗಿ ಮುಟ್ಟಿ ನೋಡುತ್ತಿದ್ದಳು. ಪೇಪರು ಒಣಗಿಯೇ ಇತ್ತು. ಕರಿಬೇವು ಬಾಡತೊಡಗಿತು.

ದಸರಾ ಮುಗಿದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ, ಲಾರಿಯೂ ಕ್ರೇನೂ ಬಂದು ನಿಂತವು. ಗೋಡೆಯನ್ನು ಕಟ್ಟಿದ ಪುಟ್ಟಯ್ಯನೇ ಒಡೆದ. ನೈರುತ್ಯ ಮೂಲೆ ತೆರೆಯಿತು. ಬೀದಿಯವರೆಲ್ಲ ಸೇರಿದ್ದರು.

"ಮಂಗಳವಾರ ಯಾರಾದ್ರೂ ಹೊರಡ್ತಾರಾ? ಶುಕ್ರವಾರ ದಿನ ಚೆನ್ನಾಗಿದೆ," ಎಂದ ನನ್ನ ತಮ್ಮ. ಟೋಪಿಯನ್ನಂತೂ ಹಾಕಿಕೊಂಡಿದ್ದ.

"ಲಾರಿ ಸಿಕ್ಕಿದ್ದು ಇವತ್ತು. ನಿಮ್ಮ ಬಟ್ಟೆನೂ ಕಟ್ಟಿಟ್ಟಿದೀನಿ. ಹತ್ತಿ ಸಾಕು," ಎಂದಳು ಗೋದಾ. ಡ್ರೈವರ್ ಪಕ್ಕದಲ್ಲಿ ಆಗಲೇ ಕೂತಿದ್ದಳು, ತೊಡೆಯ ಮೇಲೆ ಹುರಿಹಿಟ್ಟಿನ ಡಬ್ಬಿ. ಬಾಗಿಲು ತೆಗೆದು, ಇವನಿಗೆ ಜಾಗ ಬಿಟ್ಟು ಸರಿದು ಕೂತಳು.

ಅವನು ಲಾರಿಯ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟ. ಎಷ್ಟಾದರೂ ಒಡಹುಟ್ಟಿದವನು, ಹತ್ತಲಿ ಎಂದೇ ನನ್ನ ಆಸೆ. ಅವನು ಹಿಂದೆ ತಿರುಗಿ ಅಂಗಳವನ್ನು ನೋಡಿದ.

"ಕರಿಬೇವಿಗೆ ಯಾರು ನೀರು ಹಾಕ್ತಾರೆ?" ಎಂದ.

ಗೋದಾ "ನೀವೇ ಹಾಕಿ," ಎಂದು ಬಾಗಿಲೆಳೆದುಕೊಂಡಳು.

ಆಮೇಲೆ ಬೀದಿಗೆಲ್ಲ ಅವನು ಹೇಳಿಕೊಂಡದ್ದು, "ದೋಣೀನ ಮುಂಚೆ ಕಳಿಸಿದೀನಿ, ದಿನ ನೋಡಿ ನಾನು ಹಿಂದೇನೇ ಹೊರಡ್ತೀನಿ," ಎಂದು. ದೋಣಿಯಿದ್ದ ಜಾಗದಲ್ಲೇ ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಿದ್ದ. ಗೋಡೆಯನ್ನು ಮಾತ್ರ ಅದೇ ವಾರ ಕಟ್ಟಿಸಿದ. ದೀಪಾವಳಿ ಹೋಯಿತು. ಧನುರ್ಮಾಸ ಬಂತು. ಗೋದಾ ಡಿಮೆಲ್ಲೊ ಅವರ ಮನೆಯಲ್ಲಿದ್ದುಕೊಂಡು ಕಲಿಯುತ್ತಿದ್ದಾಳೆ ಎಂಬ ಸುದ್ದಿ ಬರುತ್ತಿತ್ತು. ನಾನು ಅಡುಗೆ ಮಾಡಿ ಅವನಿಗೆ ಡಬ್ಬಿ ತಂದುಕೊಡುತ್ತಿದ್ದೆ, ಬೈದುಕೊಂಡೇ.

ಸಂಕ್ರಾಂತಿಯ ಮಾರನೆಯ ದಿನ ಫೋನು ಬಂತು. ನಾನೇ ಎತ್ತಿದೆ.

"ಅಕ್ಕ, ಗೋಕರ್ಣದಿಂದ ಮಾತಾಡ್ತಿದೀನಿ. ದೋಣೀಲೇ ಬಂದ್ವಿ, ನಾನೂ ಮಿಸೆಸ್ ಡಿಮೆಲ್ಲೊನೂ," ಎಂದಳು. "ಬೇಲೆಕೇರಿ ಹತ್ರ ದಡ ಒಳಕ್ಕೆ ಬಾಗುತ್ತೆ ಅಕ್ಕ, ಬಟ್ಟಲಿನ ಹಾಗೆ. ನಾನು ಬೋರ್ಡ್ ಮೇಲೆ ಅಲ್ಲಿ ನೆಟ್ಟಗೆ ಎಳೀತಿದ್ದೆ. ಇಷ್ಟು ವರ್ಷ ಮಕ್ಕಳಿಗೆ ತಪ್ಪು ಬರೆದುಕೊಟ್ಟೆ."

ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ನನಗಂತೂ ಅಳು ಬಂತು. ಮಾತಾಡಲಾಗದೆ ಫೋನನ್ನು ಅವನ ಕೈಗೆ ಕೊಟ್ಟೆ.

ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. ಹೇಗಿದೀಯ ಎಂದು ಕೇಳಲಿಲ್ಲ. "ಆ ತೂತು ಸೋರ್ತಿದೆಯಾ?" ಎಂದ.

"ಇಲ್ಲ," ಎಂದದ್ದು ನನಗೂ ಕೇಳಿಸಿತು.

ಫೋನಿಟ್ಟು, ಟೋಪಿ ಸರಿಮಾಡಿಕೊಂಡು ನನ್ನ ಕಡೆ ತಿರುಗಿದ. "ನೋಡ್ದ್ಯಾ ಅಕ್ಕ, ಸೋರ್ತಿಲ್ವಂತೆ. ಪುಟ್ಟಯ್ಯ ದೊಡ್ಡದು ಕೊರೀತೀನಿ ಅಂದ. ಬೇಡ ಸಣ್ಣದಿರ್ಲಿ ಅಂತ ನಾನೇ ಹೇಳಿದ್ದೆ. ಅದಕ್ಕೇ."

ನಾನು ಅವನ ಕೈಗೆ ಚೊಂಬು ಕೊಟ್ಟು, ಹೋಗಿ ಕರಿಬೇವಿಗೆ ನೀರು ಹಾಕು ಎಂದೆ.