ಎರಡು ಸಾಲಿಗೆ ಹೊಡೆದ ಔಷಧಿ

ಖಾನಾಪುರದ ಹೊಲದಲ್ಲಿ ದ್ರಾಕ್ಷಿ ಹಚ್ಚಿ ವೈನ್ ಮಾಡುತ್ತೇನೆಂದು ಉಳವಪ್ಪ ಹೊರಟಾಗ, ಲಿಂಗ ಕಟ್ಟಿದವರ ಮನೆಯಲ್ಲಿ ಇದೆಂಥ ಹುಚ್ಚು ಎಂದು ಹೆಂಡತಿ ನಾಗರತ್ನಾಳ ಅನಗೋಳದ ತವರಿನವರು ಮೂಗು ಮುರಿದರು. ಅವಳು ಮಾತ್ರ ಆ ಹುಚ್ಚಿಗೆ ಹೆಗಲು ಕೊಟ್ಟಳು. ಗೊಬ್ಬರಕ್ಕೆಂದು ಆಕಳ ಕೊಂಬಿನಲ್ಲಿ ಸಗಣಿ ತುಂಬಿ ಚಳಿಗಾಲವಿಡೀ ಹೂತಿಡುವುದು, ಆಮೇಲೆ ಅದನ್ನು ನೀರಿಗೆ ಹಾಕಿ ತಾಸುಗಟ್ಟಲೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುವುವುದು, ತಿಥಿ ನೋಡಿ ಬಳ್ಳಿ ಕತ್ತರಿಸುವುದು, ಒಂದೇ ಎರಡೇ! ಹನ್ನೊಂದು ವರ್ಷದಲ್ಲಿ ಅವಳ ರಟ್ಟೆ ಬಿದ್ದುಹೋಯಿತು. ಒಂದು ಹನಿ ರಾಸಾಯನಿಕ ಬೇಲಿ ದಾಟಲಿಲ್ಲ. ಬಾಟಲಿಯ ಮೇಲಿನ ಸಾವಯವ ಮುದ್ರೆ ನೋಡಿಯೇ ಜನ ಅವರ ವೈನ್ ಕೊಳ್ಳುತ್ತಿದ್ದರು.

ಹೋದ ನವೆಂಬರಿನಲ್ಲಿ ಜಾಂಬೋಟಿ ಕಡೆಯಿಂದ ಅಕಾಲದ ಮಳೆ ಹಿಡಿಯಿತು. ಎಲೆಗಳ ಬೆನ್ನಿಗೆಲ್ಲ ಬಿಳಿ ಬೂಷ್ಟು. ಉಳವಪ್ಪ ಮಜ್ಜಿಗೆ ಹೊಡೆದ, ಗೋಮೂತ್ರ ಹೊಡೆದ, ರೋಗ ಜಗ್ಗಲಿಲ್ಲ. ಅವನು ಊಟ ಬಿಟ್ಟು ಬಳ್ಳಿಗಳ ನಡುವೆ ಕೂತುಬಿಟ್ಟ. ಅದನ್ನು ನೋಡಲಾರದೆ, ಗಂಡ ಬೆಳಗಾವಿಗೆ ಹೋದ ದಿನ ನಾಗರತ್ನಾ ಬಾಜು ಹೊಲದ ಸಿದ್ದಪ್ಪನಿಂದ ರಾಸಾಯನಿಕ ಔಷಧಿ ಇಸಿದುಕೊಂಡು, ತಾವು ಮೊಟ್ಟಮೊದಲು ನೆಟ್ಟಿದ್ದ ಎರಡು ಸಾಲಿಗಷ್ಟೇ ಹೊಡೆದಳು. ಬಳ್ಳಿ ಉಳಿದರೆ ಸಾಕು, ಹಣ್ಣನ್ನು ಬೇರೆ ಕಿತ್ತು ಚೆಲ್ಲಿಬಿಟ್ಟರಾಯಿತು ಅಂದುಕೊಂಡಳು. ಪಾಪ, ಅವಳ ಕಳ್ಳತನವೆಂದರೆ ಇಷ್ಟೇ.

ಆದರೆ ಉಳವಪ್ಪ ಪೇಟೆಯ ಯೀಸ್ಟ್ ಮುಟ್ಟುವವನಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ತೋಟದ ಎಲ್ಲಕ್ಕಿಂತ ಒಳ್ಳೆಯ ಗೊಂಚಲುಗಳನ್ನು ಮೊದಲೇ ಹಿಂಡಿ ಹುಳಿ ಬರಿಸಿ, ಆ ರಸವನ್ನೇ ಎಲ್ಲ ಟ್ಯಾಂಕಿಗೂ ಸುರಿಯುವುದು ಅವನ ಪದ್ಧತಿ. ಫೆಬ್ರುವರಿಯಲ್ಲಿ ಅವಳು ಹಿಂದವಾಡಿಯ ಅಂಗಡಿಗೆ ಬಾಟಲಿ ಮುಟ್ಟಿಸಿ, ತವರಿನಲ್ಲಿ ಒಂದು ವಾರ ಇದ್ದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

"ನಮ್ಮ ಹಳೇ ಬಳ್ಳಿ ಮರ್ಯಾದಿ ಉಳಿಸಿದ್ವು ನೋಡು! ಆ ಎರಡು ಸಾಲಿನ ಹಣ್ಣಿನ ರಸಾನ ಎಲ್ಲಾ ಟ್ಯಾಂಕಿಗೂ ಹಾಕೇನಿ," ಎಂದು ಅವನು ನಕ್ಕ.

ಅವಳು ಆಗಲಾದರೂ ಹೇಳಬೇಕಿತ್ತು. ಮೂರು ತಿಂಗಳಿಂದ ನಗದಿದ್ದವನ ಮುಖ ನೋಡಿ ಅವಳಿಗೆ ಬಾಯಿ ಬರಲಿಲ್ಲ.

ಏಪ್ರಿಲ್‌ನಲ್ಲಿ ಮುದ್ರೆ ಕೊಡುವವರ ಪರೀಕ್ಷೆಯ ವರದಿ ಬಂತು. ಎಲ್ಲ ಟ್ಯಾಂಕಿನಲ್ಲೂ ಔಷಧಿಯ ಅಂಶ. ಮುದ್ರೆ ರದ್ದಾಯಿತು, ಮತ್ತೆ ಬೇಕೆಂದರೆ ಮೂರು ವರ್ಷ ಮೊದಲಿನಿಂದ ದುಡಿಯಬೇಕು. ಉಳವಪ್ಪ ನೆಟ್ಟಗೆ ಸಿದ್ದಪ್ಪನ ಅಂಗಳಕ್ಕೆ ನುಗ್ಗಿ ಅವನ ಕೊರಳಪಟ್ಟಿ ಹಿಡಿದ. ನಾಗರತ್ನಾ ಹಿಂದೆಯೇ ಓಡಿದಳು.

"ನಿನ್ನ ಪಂಪಿನ ಔಷಧಿ ಗಾಳಿಗೆ ಹಾರಿ ಬಂದು ನನ್ನ ತ್ವಾಟ ಹಾಳಾತಲ್ಲೋ!"

ಸಿದ್ದಪ್ಪ ಅವಳನ್ನೊಮ್ಮೆ ನೋಡಿ ಸುಮ್ಮನೆ ತಲೆ ತಗ್ಗಿಸಿದ. ಅವನ ಆ ಒಳ್ಳೆಯತನವನ್ನು ಅವಳಿಗೆ ತಾಳಲಾಗಲಿಲ್ಲ.

"ಅವರನ್ನ ಬಿಡ್ರಿ. ಔಷಧಿ ಹೊಡದಾಕಿ ನಾನು."

ಉಳವಪ್ಪನ ಕೈ ಸಡಿಲಾಯಿತು. ಅವನು ಬೈಯಲಿಲ್ಲ. ಬೈದಿದ್ದರೆ ಅವಳ ಜೀವಕ್ಕೆ ಎಷ್ಟೋ ಹಗುರಾಗುತ್ತಿತ್ತು. ಇಷ್ಟೇ ಕೇಳಿದ:

"ಹನ್ನೊಂದು ವರ್ಷದಾಗ ಎಷ್ಟು ಸಲ ಹೊಡದೀ?"

"ಒಂದ ಸಲರೀ. ನಿಮ್ಮಾಣಿ, ಒಂದ ಸಲ."

"ಹೂಂ," ಎಂದ. ಅವನು ನಂಬಲಿಲ್ಲವೆಂದು ಅವಳಿಗೆ ಗೊತ್ತಾಯಿತು.