ಕೂಗಿದ ಹೇಂಟೆ

ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಕಳೆದ ವಾರ ಒಂದು ಬಿದಿರಿನ ಹೆಡಗೆ ಸಿಕ್ಕಿತು, ರಾತ್ರಿ ಕೋಳಿಯ ಮೇಲೆ ಕವುಚುವಂಥದ್ದು. ಹೆಣಿಗೆಯ ಸಂದಿನಲ್ಲಿ ಒಂದು ಕಂದು ಪುಕ್ಕ. ಮೂಗಿಗೆ ಹಿಡಿದರೆ ಬೂದಿಯದೂ ಹಿಕ್ಕೆಯದೂ ಸೇರಿದ ಒಣ ವಾಸನೆ... ಆಚೆಮನೆ ಅಕ್ಕ ನೆನಪಾದಳು.

ಬ್ರಹ್ಮಾವರದ ಕಡೆಯ ನಮ್ಮೂರಿನಲ್ಲಿ ಹೇಂಟೆಯನ್ನು ಪಾಲಿಗೆ ಸಾಕಲು ಕೊಡುವ ಪದ್ಧತಿಯಿತ್ತು. ಸಾಕಿದವರಿಗೆ ಮರಿಗಳಲ್ಲಿ ಅರ್ಧ. ತಾಯಿಕೋಳಿ ಮಾತ್ರ ಕೊಟ್ಟವರದೇ. ಅಕ್ಕ ಗಂಡನ ಮನೆಯಿಂದ ಹಿಂದಿರುಗಿ ಒಬ್ಬಳೇ ಇದ್ದಳು. ನಮ್ಮ ಅಮ್ಮಮ್ಮ ಹೆಡಗೆಯ ಸಮೇತ ಕೊಟ್ಟ ಹೇಂಟೆ ಬಾವಿಕಟ್ಟೆಯವರೆಗೂ ಅವಳ ಹಿಂದೆಯೇ ಹೋಗಿ ಬರುತ್ತಿತ್ತು. ಅದರೊಡನೆ ಅವಳು ದಿನವಿಡೀ ಮಾತಾಡುತ್ತಿದ್ದಳು; ನಮ್ಮೊಡನೆ ಅಷ್ಟಿಲ್ಲ.

ಒಂದು ಬೆಳಿಗ್ಗೆ ಆ ಹೇಂಟೆ ಹುಂಜದ ಹಾಗೆ ಕೂಗಿತು. ಹೇಂಟೆ ಕೂಗಿದರೆ ಮನೆಗೆ ಕೇಡು, ಕೊಯ್ದೇಬಿಡಬೇಕು ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದರು. ಅಕ್ಕ ನಸುಕಿಗೇ ಎದ್ದು ಹೆಡಗೆಯ ಮೇಲೆ ಗೋಣಿ ಹೊದೆಸತೊಡಗಿದಳು. ಆದರೂ ಕೂಗು ಕೇಳಿತು. ಭತ್ತದ ನೇಜಿ ನೆಡಲು ಬಂದವಳೊಬ್ಬಳು ಗದ್ದೆಯಿಂದಲೇ ಕೇಳಿದಳು: "ಹ್ವಾಯ್, ಗಂಡ್ ಇಲ್ಲದ್ ಮನೆಗ್ ಹೇಂಟಿಯೇ ಹುಂಜ ಆಯ್ತಾ?" ಎಲ್ಲರೂ ನಕ್ಕರು.

ಸಂಜೆ ಅಮ್ಮಮ್ಮ ಕೋಳಿ ತರುವಂತೆ ಹೇಳಿಕಳಿಸಿದರು. ಅಕ್ಕ ಬರಿಗೈಯಲ್ಲಿ ಬಂದು ಅಂಗಳದಲ್ಲೇ ನಿಂತಳು.

"ನನ್ ಪಾಲಿನ್ ಮರಿಯೂ ನೀವೇ ತಕಣಿ ಅಮ್ಮ. ಇದೊಂದ್ ಇರ್ಲಿ."

"ಹೇಂಟಿ ಅಂದ್ರೆ ಹೆಣ್ಣ್. ಹೆಣ್ಣ್ ಕೂಗುಕ್ ಆಗ," ಎಂದರು ಅಮ್ಮಮ್ಮ, ಅಕ್ಕಿ ಆರಿಸುತ್ತಲೇ.

ಮರುದಿನ ಆಳು ಹೋಗಿ ಹಿಡಿದು ತಂದ. ಮಧ್ಯಾಹ್ನಕ್ಕೆ ಕೋಳಿಸಾರು, ವಡೆ. ಚಿಕ್ಕವಳೆಂದು ಕಾಲಿನ ತುಂಡು ನನ್ನ ತಟ್ಟೆಗೆ ಬಿತ್ತು. ನಾವಿನ್ನೂ ಉಣ್ಣುತ್ತಿರುವಾಗ ಅಕ್ಕ ಬಂದು ಹೆಡಗೆಯನ್ನು ಜಗಲಿಯ ಮೇಲೆ ಕವುಚಿಟ್ಟಳು.

"ಇದೂ ನಿಮ್ದೇ ಅಲ್ದಾ," ಎಂದಳು.

ಮಸಾಲೆ ಮೆತ್ತಿದ ನನ್ನ ಬೆರಳುಗಳನ್ನು ನೋಡಿದಳು. ಸಿಟ್ಟಿನಿಂದಲ್ಲ... ಆಮೇಲೆ ಅವಳು ಯಾರಿಂದಲೂ ಕೋಳಿ ಪಾಲಿಗೆ ಪಡೆಯಲಿಲ್ಲ. ಆ ಮನೆಯಿಂದ ಮಾತು ಕೇಳಿಸುವುದೂ ನಿಂತಿತು.

ವರ್ಷಗಳ ಮೇಲೆ ಎಂ.ಎ. ತರಗತಿಯಲ್ಲಿ ಮೇಷ್ಟರು ಹೇಂಟೆ ಎಂಬ ಪದದ ಮೂಲ ಹೇಳಿದರು: ಮೊದಲು ಪೇಂಟೆ, 'ಪೆಣ್' ಎಂಬುದರ ಬಳಗ, ಹೆಣ್ಣು ಎಂದೇ ಅರ್ಥ. ಎಲ್ಲರೂ ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ. ಆ ಅರ್ಥವನ್ನು ನಮ್ಮ ಅಂಗಳದಲ್ಲಿ ತೀರ್ಪಿನಂತೆ ಹೇಳಿದ್ದನ್ನು ನಾನು ಆಗಲೇ ಕೇಳಿದ್ದೆ. ಅದರ ರುಚಿಯನ್ನೂ ಬಲ್ಲೆ.

ಈಗ ಅಮ್ಮಮ್ಮ ಇಲ್ಲ, ಅಕ್ಕನೂ ಇಲ್ಲ. ಹೆಡಗೆಗೆ ಹುಳ ಹಿಡಿದಿದೆ, ಒಲೆಗೆ ಹಾಕು ಎಂದರು ಅಮ್ಮ. ಇದು ಆಚೆಮನೆ ಅಕ್ಕನದು ಎಂದೆ.

"ಅಲ್ಲ, ನಮ್ದೇ," ಎಂದರು.

ಹೌದು, ನಮ್ಮದೇ.